ಫಿಯಟ್ಟಿನ ತವರುಕರೆ

"ಯಾರೂ ಅಳ್ಳಾಡಬ್ಯಾಡ್ರಿ! ಉಸಿರೂ ಸಣ್ಣಗ ಬಿಡ್ರಿ!" ಎಂದು ಪಾಂಡುರಂಗ ಪತ್ತಾರರು ಎರಡೂ ಕೈ ಮೇಲೆತ್ತಿ ಕೂಗಿದರು.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ಸುವರ್ಣಾ ಕುಬಸದ ಅವರ ಮನೆಯ ಹಿತ್ತಲಲ್ಲಿ, ಆ ಭಾನುವಾರ ಬೆಳಿಗ್ಗೆ ಐದು ಜನ ಸೇರಿದ್ದರು. ನಡುವೆ ಇಟ್ಟಿಗೆಗಳ ಮೇಲೆ ಒಂದು ಹಳೇ ಫಿಯಟ್ ಕಾರು ನಿಂತಿತ್ತು. ಕಾರು ಎನ್ನುವುದಕ್ಕಿಂತ ಕಾರಿನ ಎಲುಬಿನ ಗೂಡು ಎನ್ನಬೇಕು. ನಾಲ್ಕರಲ್ಲಿ ಎರಡೇ ಬಾಗಿಲು, ಒಂದೇ ದೀಪ, ಸೀಟಿನ ಜಾಗದಲ್ಲಿ ಇಲಿ ಗೂಡು. ಎಂಜಿನ್ನಿನ ಮಗ್ಗುಲಿಗೆ ಮಾತ್ರ ಹೊಸದೊಂದು ವಸ್ತು ಬೆಸುಗೆಯಾಗಿ ಕೂತಿತ್ತು: ಮೈತುಂಬ ತಾಮ್ರದ ತಂತಿ ಸುತ್ತಿಕೊಂಡ ಐದು ಲೀಟರಿನ ಕುಕ್ಕರು!

ಪತ್ತಾರರು ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯ ಮರುದಿನದಿಂದಲೇ ಯಂತ್ರ ಕಂಡುಹಿಡಿಯಲು ಶುರುಮಾಡಿದ್ದರು. ಅವರ ಹಿಂದಿನ ಯಂತ್ರ, ತಾನೇ ರೊಟ್ಟಿ ಬಡಿಯುವುದು, ಹಿಟ್ಟು ಮುಗಿದ ಮೇಲೂ ನಿಲ್ಲದೆ ಅಡುಗೆಮನೆಯ ಗೋಡೆಯನ್ನು ಬಡಿದು ಪಕ್ಕದ ಮನೆಯವರ ದೇವರ ಕೋಣೆಗೆ ಕಿಂಡಿ ಮಾಡಿಕೊಟ್ಟಿತ್ತು.

"ಇದರ ಹೆಸರು ತವರುಕರೆ ಯಂತ್ರ!" ಎಂದರು ಪತ್ತಾರರು. "ಒಂದು ಬೋಲ್ಟು ಇಪ್ಪತ್ತು ವರ್ಷ ಒಂದ ಕಡೆ ಕುಂತ್ರ ಅದಕ್ಕ ಮಗ್ಗಲಿನ ನಟ್ಟಿನ ನೆನಪು ಇರತೈತಿ. ಲೋಹಕ್ಕ ಮರೆವು ಇಲ್ಲ. ಈ ಯಂತ್ರ ಆ ನೆನಪು ಎಬ್ಬಸ್ತೈತಿ. ಪಂಚಮಿಗೆ ಹೆಣ್ಣಮಕ್ಕಳನ್ನ ತವರಿಗೆ ಕರದಂಗ, ಕಳದುಹೋದ ಭಾಗ ಎಲ್ಲೇ ಇರವಲ್ದ್ಯಾಕ, ತಾನ ಎದ್ದು ಬರತೈತಿ!"

"ನಡಕೋಂತ ಬರತೈತ್ಯೋ, ಆಟೋ ಹಿಡಕೊಂಡ್ ಬರತೈತ್ಯೋ?" ಎಂದರು ಮೌಲಾಸಾಬ ನದಾಫ. ಅವರದು ಹಳೇ ಜೀಪು. ಅವರೂ, ಮೋರಿಸ್ ಕಾರಿನ ಬೆಂಜಮಿನ್ ಮಾಸ್ತರರೂ, ಪತ್ತಾರರೂ ಸೇರಿ 'ಹಳೇ ಗಾಲಿ ಬಳಗ' ಎಂದು ಕಟ್ಟಿಕೊಂಡಿದ್ದರು. ಆರು ತಿಂಗಳಿಂದ ಪ್ರತಿ ಭಾನುವಾರ ಬಂದು ಈ ಫಿಯಟ್ಟಿನ ತುಕ್ಕು ಕೆರೆಯುತ್ತಿದ್ದರು. ಆದರೆ ಕಾಣೆಯಾದ ಭಾಗಗಳು ಯಾವ ಗುಜರಿಯಲ್ಲೂ ಸಿಕ್ಕಿರಲಿಲ್ಲ.

ಇವರನ್ನು ಮನೆಗೆ ಕರೆಸಿದ್ದು ಸುವರ್ಣಾ ಅಲ್ಲ, ಆಕೆ 'ವೈನಿ' ಎಂದು ಕರೆಯುವ ಅತ್ತಿಗೆ ನೀಲಾಂಬಿಕಾ. ಕಾರು ನೀಲಾಂಬಿಕಾರ ಗಂಡ ಮಹಾಂತೇಶನದು. ಮೂವತ್ತೊಂಬತ್ತು ವರ್ಷಗಳ ಹಿಂದೆ ಕಲಘಟಗಿ ಹಾದಿಯಲ್ಲಿ ಇದೇ ಕಾರು ಮರಕ್ಕೆ ಬಡಿದು ಅವನು ತೀರಿಕೊಂಡಿದ್ದ. ಮದುವೆಯಾಗಿ ಎಂಟೇ ತಿಂಗಳಾಗಿತ್ತು. ಜೊತೆಗಿದ್ದ ತಂಗಿ ಸುವರ್ಣಾ ಎದೆಗೆ ಗಾಯವಾಗಿ ಉಳಿದುಕೊಂಡಿದ್ದಳು. ಪೊಲೀಸ್ ಠಾಣೆಯ ಅಂಗಳದಲ್ಲಿ ಒಂದು ವರ್ಷ ನಿಂತು, ಅರ್ಧ ಭಾಗ ಕಳೆದುಕೊಂಡು, ಕಾರು ಹಿತ್ತಲಿಗೆ ಬಂದು ತಾಡಪತ್ರಿ ಹೊದ್ದು ಮಲಗಿತ್ತು. ಅಂಗನವಾಡಿಯಿಂದ ನಿವೃತ್ತರಾದ ನೀಲಾಂಬಿಕಾ ಒಂದು ದಿನ ಇದ್ದಕ್ಕಿದ್ದಂತೆ, "ನಾ ಸಾಯೂದ್ರಾಗ ಒಮ್ಮೆ ಇದರಾಗ ಕೂಡಬೇಕು" ಎಂದಿದ್ದರು. ಸುವರ್ಣಾಗೆ ಬೇಡ ಎನ್ನಲಾಗಲಿಲ್ಲ. ಬಳಗದವರು ಬಂದಾಗಲೆಲ್ಲ ಆಕೆ ಸ್ಟೇರಿಂಗ್ ಕಾಣದ ಕಡೆ ನಿಂತುಕೊಳ್ಳುತ್ತಿದ್ದರು.

ಪತ್ತಾರರು ಸ್ವಿಚ್ ಒತ್ತಿದರು. ಕುಕ್ಕರು ಗುಂಯ್ಯೆಂದಿತು. ಒಂದು ನಿಮಿಷ ಏನೂ ಆಗಲಿಲ್ಲ. ಬೆಂಜಮಿನ್ ಮಾಸ್ತರರು ಆಕಳಿಸಿದರು.

ಆಗ ಓಣಿಯ ತುದಿಯಿಂದ ಠಣಠಣ ಸದ್ದು ಕೇಳಿತು. ಒಂದು ಸ್ಟೀಲಿನ ತಟ್ಟೆ ಮಜ್ಜಿಗೆ ಸುರಿಸುತ್ತಾ ಉರುಳಿ ಬಂತು. ಗೇಟಿನ ಕೆಳಗೆ ನುಸುಳಿ, ಮುಂದಿನ ಚಕ್ರದ ನಡುವೆ ಟಪ್ಪೆಂದು ಕೂತುಕೊಂಡಿತು. ಚಕ್ರದ ಮುಚ್ಚಳ!

"ಅಯ್ಯ! ಇದು ನಮ್ಮ ಮನಿ ಮಜ್ಜಿಗಿ ಗಡಿಗಿ ಮ್ಯಾಲಿಂದು!" ಎಂದರು ನದಾಫರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

"ನಿಮ್ಮ ಗಡಿಗಿ ಮ್ಯಾಲ ಹೆಂಗ ಬಂತ್ರೀ?" ಎಂದರು ನೀಲಾಂಬಿಕಾ.

ನದಾಫರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಪತ್ತಾರರು ಮಾತ್ರ ಕುಣಿದಾಡಿದರು.

* * *

ಆ ವಾರವೆಲ್ಲ ಭಾಗಗಳು ಬಂದವು. ಕ್ಷೌರದ ಅಂಗಡಿಯಿಂದ ಕನ್ನಡಿ, ಅರ್ಧ ಗಡ್ಡದ ಗಿರಾಕಿಯನ್ನು ಹಿಂದೆ ಓಡಿಸಿಕೊಂಡು ಬಂತು! ಹಿಟ್ಟಿನ ಗಿರಣಿಯ ಪಟ್ಟಿ ಹರಿದುಕೊಂಡು ಒಂದು ಗಾಲಿ ಬಂತು. ಯಾರದೋ ತಗಡಿನ ಮಾಳಿಗೆಯಿಂದ ಎದ್ದ ಬಾಗಿಲು ಗಾಳಿಪಟದಂತೆ ತೇಲಿ ಬಂದು ಕೀಲಿಗೆ ಸಿಕ್ಕಿಕೊಂಡಿತು. ನದಾಫರ ಜೀಪಿನಿಂದ ಡೈನಮೋ ಕಿತ್ತುಕೊಂಡು ಬಂತು. ಬೆಂಜಮಿನ್ ಮಾಸ್ತರರ ಮೋರಿಸ್ಸಿನಿಂದಂತೂ ಕಾರ್ಬ್ಯುರೇಟರ್, ಎರಡು ಹಿಡಿಕೆ, ಪೆಟ್ರೋಲ್ ಟ್ಯಾಂಕಿನ ಬಿರಡೆ ಸಾಲಾಗಿ ಹೊರಟವು.

"ಮಾಸ್ತರ, ಆರ ತಿಂಗಳಿಂದ ಕಾರ್ಬ್ಯುರೇಟರ್ ಸಲುವಾಗಿ ನನ್ನನ್ನ ಗದಗಿನ ತನಕಾ ತಿರಗಿಸಿದ್ರಿ! ಅದು ನಿಮ್ಮ ಗಾಡ್ಯಾಗ ಇತ್ತ?" ಎಂದು ನದಾಫರು ಹರಿಹಾಯ್ದರು.

"ಡೈನಮೋ ಕದ್ದಾಂವ ಮಾತಾಡಬ್ಯಾಡ!"

"ಕದ್ದಿಲ್ಲ! ಠಾಣೆ ಅಂಗಳದಾಗ ಬಿದ್ದಿತ್ತು, ಎತಗೊಂಡೆ!"

"ನಾನೂ ಅಲ್ಲೇ ಎತಗೊಂಡೆ!"

"ಮುಂಜಾನೆ ಹೋಗಿದ್ರ್ಯೋ, ಸಂಜೀಕ ಹೋಗಿದ್ರ್ಯೋ? ಇಬ್ಬರೂ ಅಲ್ಲೇ ಭೆಟ್ಟಿ ಆಗಿರಬೇಕಲ್ಲ!" ಎಂದರು ಪತ್ತಾರರು. ಅಷ್ಟರಲ್ಲಿ ಅವರದೇ ಸ್ಕೂಟರಿನಿಂದ ಒಂದು ಸ್ಪ್ರಿಂಗು ಚಿಮ್ಮಿ ಬಂದು ಫಿಯಟ್ಟಿನೊಳಗೆ ಸೇರಿತು. ಮೂವರೂ ಪಾನಾ ಎತ್ತಿಕೊಂಡು ಕೆಲಸಕ್ಕೆ ಬಗ್ಗಿದರು.

ನಗು ಅಲ್ಲಿಗೇ ನಿಂತಿತು. ಗುರುವಾರ ಮಧ್ಯಾಹ್ನ ಬಾಳೆಹಣ್ಣು ಮಾರುವ ದುರ್ಗಪ್ಪನ ಕೈಗಾಡಿಯಿಂದ ಒಂದು ಸರಳು ಕಿತ್ತುಕೊಂಡು ಬಂತು. ಅದು ಆ ಗಾಡಿಯ ಅಚ್ಚು. ಗಾಡಿ ಕುಸಿದು ದುರ್ಗಪ್ಪನ ಕಾಲಿನ ಮೇಲೆ ಬಿತ್ತು. ಸುವರ್ಣಾ ಆಸ್ಪತ್ರೆಗೆ ಹೋಗಿ ನೋಡಿ ಬಂದರು. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. "ಗಾಡಿ ತಾನ ಬಿತ್ರೀ ಬಾಯಾರ, ಯಾರೂ ದೂಡಿಲ್ಲ" ಎಂದು ಅವನು ಯಾರನ್ನೋ ಕಾಪಾಡುವವನಂತೆ ಮತ್ತೆ ಮತ್ತೆ ಹೇಳುತ್ತಿದ್ದ. ಮನೆಗೆ ಬಂದ ಸುವರ್ಣಾ ಚಪ್ಪಲಿ ಬಿಡದೆ ನೇರ ಹಿತ್ತಲಿಗೆ ಹೋದರು.

"ಪತ್ತಾರ, ಇದನ್ನ ಈಗಿಂದೀಗ ಬಂದ್ ಮಾಡ್ರಿ!"

"ಮಾಡ್ತಿದ್ದೆ ಬಾಯಾರ, ಆದ್ರ…" ಪತ್ತಾರರು ತಲೆ ಕೆರೆದುಕೊಂಡರು. "ಯಂತ್ರಕ್ಕ ನಾ ಹಾಕಿದ್ದ ಸ್ವಿಚ್ಚು ಈ ಫಿಯಟ್ಟಿಂದ ಬಿಚ್ಚಿದ್ದು. ಅದೂ ತವರಿಗೆ ಹೋಗೈತಿ."

ನಿಜ! ಸ್ವಿಚ್ಚು ಕುಕ್ಕರನ್ನು ಬಿಟ್ಟು ಡ್ಯಾಶ್‌ಬೋರ್ಡಿನಲ್ಲಿ ತನ್ನ ಹಳೇ ಜಾಗದಲ್ಲಿ ಹಾಯಾಗಿ ಕೂತಿತ್ತು. ಅದನ್ನು ಮೇಲೆ ಮಾಡಿದರೆ ವೈಪರ್ ಆಡುತ್ತಿತ್ತು, ಕೆಳಗೆ ಮಾಡಿದರೆ ನಿಲ್ಲುತ್ತಿತ್ತು. ಕುಕ್ಕರು ಮಾತ್ರ ಗುಂಯ್‌ಗುಡುತ್ತಲೇ ಇತ್ತು. ಸುತ್ತಿಗೆಯಲ್ಲಿ ಹೊಡೆದರೆ ಸುತ್ತಿಗೆಯೇ ಸೀಳಿತು.

"ಎಲ್ಲಾ ಭಾಗ ಬಂದ ಮ್ಯಾಲ ತಾನ ನಿಲ್ಲತೈತಿ" ಎಂದರು ಪತ್ತಾರರು. ಅವರ ದನಿಯಲ್ಲಿ ಮೊದಲ ದಿನದ ಗತ್ತು ಇರಲಿಲ್ಲ.

* * *

ಶುಕ್ರವಾರ ಸುವರ್ಣಾಗೆ ಎದೆಯಲ್ಲಿ ನೋವು ಶುರುವಾಯಿತು. ಹಳೇ ಗಾಯದ ಜಾಗದಲ್ಲೇ. ಒಳಗಿನಿಂದ ಯಾರೋ ದಾರ ಕಟ್ಟಿ ಎಳೆದಂತೆ.

ರೊಟ್ಟಿ ಬಡಿಯುತ್ತಾ ಕೂತವರು, ಹಿಟ್ಟು ಕೈಯಲ್ಲಿರುವಾಗಲೇ, ಮಣೆಸಮೇತ ಹಿತ್ತಲ ಬಾಗಿಲ ಕಡೆ ಒಂದು ಗೇಣು ಜಾರಿದರು. ಮೊದಲು ನೆಲ ಜಾರುತ್ತಿದೆ ಎಂದುಕೊಂಡರು. ಸಂಜೆ ಮಂಚದ ಮೇಲೆ ಒರಗಿದರೆ ಮಂಚವೇ ಕಿರ್ರೆಂದು ಗೋಡೆಗೆ ಹೋಗಿ ತಾಗಿತು. ಆ ಗೋಡೆಯ ಆಚೆ ಕಾರು ಇತ್ತು.

ಸುವರ್ಣಾಗೆ ಆಗ ತಿಳಿಯಿತು. ಹಳೇ ಗಾಯದ ಮೇಲೆ ಅಂಗೈ ಒತ್ತಿ ಹಿಡಿದುಕೊಂಡರು.

ಅಪಘಾತದ ದಿನ ಗಾಯ ಹೊಲಿದ ಡಾಕ್ಟರು, "ಒಳಗ ಇನ್ನೂ ಏನೋ ಐತಿ, ದೊಡ್ಡಾಸ್ಪತ್ರೆಗೆ ತೋರಸ್ರಿ" ಎಂದಿದ್ದರು. ಆಕೆ ತೋರಿಸಲೇ ಇಲ್ಲ. ಒಳಗೆ ಏನಿದೆ ಎಂದು ಆಕೆಗೆ ಗೊತ್ತಿತ್ತು. ಎಕ್ಸ್‌ರೇ ಫೋಟೋ ತೆಗೆದರೆ ಉಳಿದವರಿಗೂ ಗೊತ್ತಾಗುತ್ತಿತ್ತು. ಮೋಡ ಕವಿದ ದಿನಗಳಲ್ಲಿ ಅದು ನೋಯುತ್ತಿತ್ತು, ಆಕೆ ಸಹಿಸುತ್ತಿದ್ದರು. ಟೈಪಿಂಗ್ ಶಾಲೆ ನಡೆಸಿದರು, ಮದುವೆಯಾಗಲಿಲ್ಲ, ಅತ್ತಿಗೆಯನ್ನು ತವರಿಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡರು. "ಇಂಥಾ ನಾದಿನಿ ಯಾರಿಗೈತಿ!" ಎಂದು ಓಣಿ ಹೊಗಳುತ್ತಿತ್ತು. ಹೊಗಳಿದಾಗಲೆಲ್ಲ ಸುವರ್ಣಾ ಒಳಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಶನಿವಾರವೆಲ್ಲ ಆಕೆ ಮುಂದಿನ ಕೋಣೆಯ ಕಿಟಕಿಯ ಸರಳಿಗೆ ಸೆರಗು ಬಿಗಿದುಕೊಂಡು ಕೂತರು.

"ಏನಾಗೇತಿ ನಿನಗ?" ಎಂದರು ನೀಲಾಂಬಿಕಾ.

"ತಲಿ ತಿರಗತೈತಿ, ವೈನಿ."

"ತಲಿ ತಿರಗಿದ್ರ ಕಿಟಕಿಗೆ ಗಂಟ ಹಾಕ್ಕೋತಾರನು?"

* * *

ಭಾನುವಾರ ಬೆಳಿಗ್ಗೆ ಬಳಗ ಬಂದು ನೋಡಿದರೆ ಫಿಯಟ್ಟು ನಾಲ್ಕು ಚಕ್ರದ ಮೇಲೆ ನಿಂತಿತ್ತು! ತುಕ್ಕು ಹೋಗಿ ಹಾಲಿನ ಕೆನೆಯ ಬಣ್ಣ ಬಂದಿತ್ತು. ಆದರೂ ಕುಕ್ಕರು ನಿಂತಿರಲಿಲ್ಲ. ಪತ್ತಾರರು ಒಂದೊಂದೇ ಭಾಗ ಪಟ್ಟಿ ಮಾಡಿ ಕೊನೆಗೆ ಸ್ಟೇರಿಂಗ್ ಮೇಲೆ ಬೆರಳಿಟ್ಟರು. ಅದರ ನಡುವೆ ಅರ್ಧಚಂದ್ರದ ಹಾಗೆ ಹಾರ್ನಿನ ಬೆಳ್ಳಿಬಣ್ಣದ ಬಳೆ ಇತ್ತು. ಆ ಬಳೆಯಲ್ಲಿ ಎರಡು ಬೆರಳಿನಷ್ಟು ತುಂಡು ಇರಲಿಲ್ಲ.

"ಇಷ್ಟ ಉಳದೈತಿ. ಇದು ಎಲ್ಲಿ ಹೋಗಿ ಕುಂತೈತೋ!"

"ಸುವರ್ಣಾ, ಚಾ ತಗೊಂಡ್ ಬಾ!" ಎಂದು ನೀಲಾಂಬಿಕಾ ಹಿತ್ತಲಿನಿಂದ ಕೂಗಿದರು.

ಬರುವುದಿಲ್ಲ ಎನ್ನಲು ಸುವರ್ಣಾಗೆ ಕಾರಣ ಸಿಗಲಿಲ್ಲ. ಸೆರಗಿನ ಗಂಟು ಬಿಚ್ಚಿ, ಐದು ಕಪ್ಪಿನ ತಟ್ಟೆ ಹಿಡಿದು, ಗೋಡೆಗೆ ಭುಜ ಒತ್ತಿಕೊಂಡು ಬಂದರು. ಹಿತ್ತಲ ಬಾಗಿಲು ದಾಟಿದ್ದೇ ತಡ, ಪಾದಗಳು ನೆಲದ ಮೇಲೆ ಗೀರುತ್ತಾ ಹೊರಟವು! "ಹಿಡೀರಿ! ಯಾರರ ಹಿಡೀರಿ!" ಎಂದು ಕೂಗಿದರು. ತಟ್ಟೆ ಹಾರಿತು, ಬಿಸಿ ಚಹಾ ಬೆಂಜಮಿನ್ ಮಾಸ್ತರರ ಬೆನ್ನ ಮೇಲೆ ಸುರಿಯಿತು. ನದಾಫರು ಸೆರಗು ಹಿಡಿದರು, ಸೆರಗಿನೊಂದಿಗೆ ಅವರೂ ನಾಲ್ಕು ಹೆಜ್ಜೆ ಓಡಿದರು. ಕಾರಿನ ಬಲಗಡೆ ಬಾಗಿಲು ತಾನೇ ತೆರೆಯಿತು. ಸುವರ್ಣಾ ಡ್ರೈವರ್ ಸೀಟಿನಲ್ಲಿ ಧೊಪ್ಪೆಂದು ಕೂತರು. ಎದೆ ಹೋಗಿ ಹಾರ್ನಿನ ಬಳೆಗೆ ಅಂಟಿಕೊಂಡಿತು, ಆ ಎರಡು ಬೆರಳಿನ ಖಾಲಿ ಜಾಗಕ್ಕೆ ಸರಿಯಾಗಿ.

"ಹಾಂ! ತುಂಡು ಇವರ ಎದ್ಯಾಗೈತಿ!" ಎಂದು ಪತ್ತಾರರು ಚಪ್ಪಾಳೆ ತಟ್ಟಿದರು. ಮರುಕ್ಷಣ ಅವರ ಕೈ ಗಾಳಿಯಲ್ಲೇ ನಿಂತಿತು. ಮೂವತ್ನಾಲ್ಕು ವರ್ಷ ಯಂತ್ರಗಳ ಜೊತೆ ಬದುಕಿದ ಮನುಷ್ಯ. ಸ್ಟೇರಿಂಗಿನ ತುಂಡು ಯಾರ ಎದೆಗೆ ನುಗ್ಗುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

ನೀಲಾಂಬಿಕಾ ಕಾರಿನ ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿದರು.

"ನೀ ಎಡಗಡೆ ಕುಂತಿದ್ದಿ ಅಂತ ಹೇಳಿದ್ದಿ."

ಸುವರ್ಣಾ ಮುಖ ಎತ್ತಲಾಗದೆ ಸ್ಟೇರಿಂಗಿಗೇ ಮಾತಾಡಿದರು. "ನಾ ಹೊಡೀತಿದ್ದೆ, ವೈನಿ. ಕಲಸು ಕಲಸು ಅಂತ ನಾನ ಗಂಟು ಬಿದ್ದಿದ್ದೆ. ಎದುರಿಗೆ ಎಮ್ಮಿ ಬಂತು. ಬ್ರೇಕ್ ಒತ್ತಿದೆ ಅನಕೊಂಡೆ. ಅದು ಬ್ರೇಕ್ ಅಲ್ಲ."

ಕುಕ್ಕರು ಗುಂಯ್‌ಗುಡುತ್ತಿತ್ತು.

"ಅಣ್ಣ ಹೊರಗ ಬಿದ್ದಿದ್ದ. ಲಾರಿಯವರು ಬಂದು ಯಾರು ಹೊಡೀತಿದ್ರು ಅಂತ ಕೇಳಿದ್ರು. ಅಣ್ಣ ಅಂದೆ. ಇಪ್ಪತ್ತೊಂದು ವರ್ಷ ನನಗ. ಲೈಸನ್ಸ್ ಇರಲಿಲ್ಲ. ಒಮ್ಮೆ ಅಂದ ಮ್ಯಾಲ ತಿರುಗಿ ಅನ್ನಾಕ ಆಗಲಿಲ್ಲ. ಗೆಳೆಯನ ಮನಿ ಊಟಕ್ಕ ಹೋಗಿದ್ವಲ್ಲ, ಅಲ್ಲಿ ಕುಡದು ಹೊಡದಾನ ಅಂತ ಊರು ಮಾತಾಡ್ತು. ಅದನ್ನೂ ಕೇಳಿ ಸುಮ್ಮನಿದ್ದೆ."

ಊರು ಮಾತಾಡಿದ್ದು ನೀಲಾಂಬಿಕಾರ ಬಗ್ಗೆ. ಕುಡುಕನ ಹೆಂಡತಿ ಎಂದು. ಗಂಡನನ್ನು ಹಿಡಿದಿಟ್ಟುಕೊಳ್ಳಲಾಗದವಳು ಎಂದು. ಅಂಗನವಾಡಿಯಲ್ಲಿ ಮಕ್ಕಳನ್ನು ಬಿಡಲು ಬಂದ ತಾಯಂದಿರು ಬೆನ್ನ ಹಿಂದೆ ಆಡಿದ್ದು ಆಕೆಗೆ ಕೇಳುತ್ತಿತ್ತು. ಸ್ವಂತ ತಂಗಿಯ ಮದುವೆಯಲ್ಲಿ ಬೀಗರ ಎದುರು ಬರಬೇಡ ಎಂದು ತವರಿನವರೇ ಅಡುಗೆ ಕೋಣೆಯಲ್ಲಿ ಕೂರಿಸಿದ್ದರು.

ಆಕೆ ಕೇಳಿದ್ದು ಒಂದೇ ಪ್ರಶ್ನೆ.

"ಅವರು ಕುಡದಿದ್ರನು?"

"ಇಲ್ಲ ವೈನಿ. ಮಜ್ಜಿಗಿ ಕುಡದಿದ್ದ. ಎರಡು ಗ್ಲಾಸು."

"ಮಜ್ಜಿಗಿ" ಎಂದರು ನೀಲಾಂಬಿಕಾ. ನೆಲದ ಮೇಲೆ ಬಿದ್ದ ಕಪ್ಪುಗಳನ್ನು ಒಂದೊಂದಾಗಿ ಆರಿಸಿಕೊಂಡು ಒಳಗೆ ಹೋದರು.

* * *

ಸುವರ್ಣಾರನ್ನು ಸ್ಟೇರಿಂಗಿನಿಂದ ಬಿಡಿಸಲು ಮೂವರು ಗಂಡಸರು, ಒಂದು ಹಲಗೆ, ಒಂದು ನೊಗದ ಹಗ್ಗ ಬೇಕಾಯಿತು. ಆಟೋದಲ್ಲಿ ದವಾಖಾನೆಗೆ ಹೋಗುವಾಗ ಆಟೋ ಎರಡು ಸಲ ಹಿಂದಕ್ಕೆ ಓಡಿತು! ಚಾಲಕ ಇಳಿದು ಎಂಜಿನ್ನಿಗೆ ಒದ್ದ. ಡಾಕ್ಟರು ಚರ್ಮ ಕುಯ್ದು ಚಿಮಟ ಹಾಕುವುದರೊಳಗೆ ತುಂಡು ತಾನೇ ಹೊರಬಂದು, ಅವರ ಕನ್ನಡಕ ಒಡೆದು, ಕಿಟಕಿಯ ಗಾಜು ಸೀಳಿ ಹಾರಿಹೋಯಿತು.

"ಏನ್ರೀ ಇದು?" ಎಂದು ಡಾಕ್ಟರು ಬಿಳಿಚಿಕೊಂಡರು.

"ತವರಿಗೆ ಹೊಂಟೈತ್ರಿ" ಎಂದರು ಪತ್ತಾರರು ತಲೆ ತಗ್ಗಿಸಿ.

ಆರು ಹೊಲಿಗೆ ಬಿದ್ದವು. ಸುವರ್ಣಾ ಮನೆಗೆ ಬಂದರೆ ಒಲೆಯ ಮೇಲೆ ಒಬ್ಬರಿಗಾಗುವಷ್ಟೇ ಅನ್ನ ಇತ್ತು. ಅದು ನೀಲಾಂಬಿಕಾರದು. ಒಂಬತ್ತು ದಿನ ಅತ್ತಿಗೆ ಮಾತಾಡಲಿಲ್ಲ. ಬಾಗಿಲು ದೂಡುವಾಗ ಸದ್ದು ಮಾಡಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸುವರ್ಣಾಗೆ ಅನ್ನಿಸಿತು. ಆ ದಿನಗಳಲ್ಲಿ ಆಕೆ ಓಣಿಯ ಮನೆಮನೆಗೆ ಹೋಗಿ, "ಕಾರು ಹೊಡೀತಿದ್ದಾಕಿ ನಾನು, ಅಣ್ಣ ಕುಡದಿರಲಿಲ್ಲ" ಎಂದು ಹೇಳಿ ಬಂದರು. ಕೆಲವರು ಕೂರಿಸಿ ಕೇಳಿದರು. ಹಲವರಿಗೆ ಮಹಾಂತೇಶ ಯಾರು ಎಂಬುದೇ ನೆನಪಿರಲಿಲ್ಲ. ಒಬ್ಬ ಮುದುಕಿ, "ಈಗ ಹೇಳಿ ಯಾರಿಗೇನಾಗಬೇಕೈತ್ಯೇ?" ಎಂದು ಬಾಗಿಲು ಹಾಕಿಕೊಂಡಳು.

ಹತ್ತನೆಯ ದಿನ ಬೆಳಿಗ್ಗೆ ನೀಲಾಂಬಿಕಾ ಹೊಸ ಇಳಕಲ್ ಸೀರೆ ಉಟ್ಟು ಬಂದು ನಿಂತರು.

"ಏಳು. ಗಾಡಿ ತಗಿ."

"ನನಗ ಬರಂಗಿಲ್ಲ, ವೈನಿ."

"ಬರತೈತಿ. ಅರ್ಧಾ ಕಲ್ತೀಯಲ್ಲ."

ಸುವರ್ಣಾ ಕೂತರು. ಕಾರಿನಲ್ಲಿ ಈಗ ಒಂದು ಗೀರೂ ಇರಲಿಲ್ಲ. ಹಾರ್ನಿನ ಬಳೆ ಪೂರ್ತಿಯಾಗಿ ಹೊಳೆಯುತ್ತಿತ್ತು. ಕುಕ್ಕರು ನಿಲ್ಲುವ ಬದಲು ಇನ್ನೂ ಸಣ್ಣ ದನಿಯಲ್ಲಿ, ಏನನ್ನೋ ನೆನೆಸಿಕೊಳ್ಳುವಂತೆ ಗುನುಗುತ್ತಿತ್ತು. ಪತ್ತಾರರು ಎಂಜಿನ್ ಶುರುಮಾಡಿಕೊಟ್ಟು, ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಂದು ಮೂರು ಮೂರು ಸಲ ಹೇಳಿ, ಸ್ಕೂಟರಿನಲ್ಲಿ ಹಿಂದೆಯೇ ಬಂದರು.

ಕೇಶ್ವಾಪುರದಿಂದ ಕಲಘಟಗಿ ಹಾದಿಗೆ ಬರುವಷ್ಟರಲ್ಲಿ ಕಾರು ಹನ್ನೊಂದು ಸಲ ನಿಂತಿತು. ಸುವರ್ಣಾ ಪ್ರತಿ ಸಲ ಅಂಗೈ ಸೆರಗಿಗೆ ಒರೆಸಿಕೊಂಡು ಮತ್ತೆ ಸ್ಟೇರಿಂಗ್ ಹಿಡಿದರು. ಬಸ್ಸಿನವರು ಬೈದು ಹೋದರು. ನೀಲಾಂಬಿಕಾ ಎಡಗಡೆ, ಗಂಡ ಕೂತ ಸೀಟಿನಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು. ಒಂದು ಎಮ್ಮೆ ಅಡ್ಡ ಬಂತು. ಸುವರ್ಣಾ ಬ್ರೇಕ್ ಒತ್ತಿದರು. ಈ ಸಲ ಅದು ಬ್ರೇಕೇ ಆಗಿತ್ತು. ಎಮ್ಮೆ ದಾಟುವವರೆಗೆ ಆಕೆ ಅದರ ಮೇಲಿನಿಂದ ಪಾದ ಎತ್ತಲಿಲ್ಲ.

"ಎಲ್ಲಿ?" ಎಂದರು ನೀಲಾಂಬಿಕಾ ಸ್ವಲ್ಪ ಹೊತ್ತಿನ ಮೇಲೆ.

ಸುವರ್ಣಾ ಕಾರು ಬದಿಗೆ ನಿಲ್ಲಿಸಿದರು. ಅಲ್ಲಿ ಮರವೇ ಇರಲಿಲ್ಲ. ರಸ್ತೆ ಅಗಲವಾಗಿ, ನಡುವೆ ಕಣಗಿಲೆ ಗಿಡ ನೆಟ್ಟಿದ್ದರು. "ಇಲ್ಲೇ ಎಲ್ಲೋ ವೈನಿ. ಗುರುತು ಹತ್ತವಲ್ದು" ಎಂದು ಅಳತೊಡಗಿದರು. ನೀಲಾಂಬಿಕಾ ಅಳಲಿಲ್ಲ. ಸುಮ್ಮನೆ ಹೊರಗೆ ನೋಡಿದರು. ಗಂಡ ಬಿದ್ದ ಜಾಗ ಎಂದು ನೋಡಲು ಒಂದು ಕಲ್ಲೂ ಇರಲಿಲ್ಲ.

ಆಗ ಮುಂದಿನ ಗಾಜು ಸೊರ್ರೆಂದು ಉದುರಿ ಇಬ್ಬರ ಮಡಿಲಿಗೂ ಬಿತ್ತು. ಗಾಜಿನ ಚೂರಲ್ಲ, ಮರಳು!

"ವೈನಿ!" ಎಂದು ಸುವರ್ಣಾ ಚೀರಿದರು. ಸ್ಟೇರಿಂಗ್ ಅವರ ಕೈಯಲ್ಲಿ ಮೆತ್ತಗಾಗಿ ಪುಡಿಯಾಯಿತು. ಬಾಗಿಲುಗಳು ಬಣ್ಣ ಕಳೆದುಕೊಂಡು, ತಗಡಾಗಿ, ಕಬ್ಬಿಣದ ಕರಿ ಗಟ್ಟಿಯಾಗಿ, ಕೊನೆಗೆ ಕೆಂಪು ಮಣ್ಣಾಗಿ ಕುಸಿದವು. ನಾಲ್ಕೂ ಟಯರು ರಬ್ಬರ್ ಮರದ ಬಿಳೀ ಹಾಲಾಗಿ ರಸ್ತೆಯ ಮೇಲೆ ಹರಿದವು. ಸೀಟಿನ ಒಳಗಿನ ನಾರು ತೆಂಗಿನ ಸಿಪ್ಪೆಯಾಗಿ ಉಬ್ಬಿತು. ಎರಡು ನಿಮಿಷದಲ್ಲಿ ಅರವತ್ತರ ಆಸುಪಾಸಿನ ಇಬ್ಬರು ಹೆಂಗಸರು, ಹೆದ್ದಾರಿಯ ಪಕ್ಕ, ಸೊಂಟದೆತ್ತರ ಅದಿರಿನ ಗುಡ್ಡೆಯ ಮೇಲೆ ಕೂತಿದ್ದರು. ಕುಕ್ಕರೂ ಒಂದು ಮುಷ್ಟಿ ಬೂದುಬಣ್ಣದ ಪುಡಿಯಾಗಿ, ಕಡೆಗೂ ಸುಮ್ಮನಾಯಿತು.

ಪತ್ತಾರರು ಸ್ಕೂಟರ್ ಬಿಸಾಡಿ ಓಡಿ ಬಂದರು. ಮಣ್ಣನ್ನು ಮುಟ್ಟಿ ನೋಡಿದರು, ಮೂಸಿದರು.

"ತವರು ಅಂದ್ರ ಕಾರ್ಖಾನೆ ಅಂತ ತಿಳದಿದ್ದೆ" ಎಂದರು ಬೆರಗಾಗಿ. "ಇದು ಗಣಿ ತನಕಾ ಹೋಗಿಬಿಡ್ತಲ್ರೀ!"

ಇಬ್ಬರಲ್ಲಿ ಒಬ್ಬರೂ ಅವರತ್ತ ನೋಡಲಿಲ್ಲ. ನೀಲಾಂಬಿಕಾ ಎದ್ದು ಸೀರೆ ಕೊಡವಿದರು. ಇಳಕಲ್ಲಿನ ಅಂಚಿಗೆ ಕೆಂಪು ಹತ್ತಿತ್ತು, ಹೋಗಲಿಲ್ಲ. ದೂರದಲ್ಲಿ ಹುಬ್ಬಳ್ಳಿಯ ಬಸ್ಸು ಕಾಣಿಸಿತು. ಅವರು ಕೈ ಮಾಡಿದರು. ಸುವರ್ಣಾ ಮಣ್ಣಿನಲ್ಲೇ ಕೂತಿದ್ದರು. ತಾನೂ ಹತ್ತಬಹುದೋ ಇಲ್ಲವೋ ಎಂದು ಆಕೆಗೆ ತಿಳಿಯಲಿಲ್ಲ.

ಬಸ್ಸು ನಿಂತಿತು. ನೀಲಾಂಬಿಕಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಬಾ. ಆದ್ರ ಸೀಟು ಬ್ಯಾರೆ ಬ್ಯಾರೆ."